ರೀಲರ್ ತೆಗೆದ ರಾಕ್ ಪಿಚ್ಚರಿಗೆ ನನ್ನ ಪ್ರಚಾರ

ಹೆದರುವವನನ್ನೇ ಹುಡುಕಿಕೊಂಡು ಬರುವ ಕೆಲಸಗಳು ಈ ಲೋಕದಲ್ಲಿ ಬೇಕಾದಷ್ಟಿವೆ. ಧೈರ್ಯವಂತರ ಮನೆ ಬಾಗಿಲು ದಾಟಿ, ಎರಡು ಬೀದಿ ಸುತ್ತಿ, ನನ್ನ ಅಂಗಡಿಗೇ ಬಂದು ಕೂರುತ್ತವೆ.

ನಾನು ಹುಟ್ಟಾ ಪುಕ್ಕಲ. ಮುಚ್ಚಿಡುವುದೇನಿದೆ, ನಮ್ಮ ಕಡೆ ಎಲ್ಲರಿಗೂ ಗೊತ್ತು. ನನ್ನ ಮದುವೆಯಲ್ಲಿ ಪುರೋಹಿತರು "ಗಟ್ಟಿಮೇಳ" ಎಂದ ಕೂಡಲೇ ಓಲಗದವರು ಒಟ್ಟಿಗೇ ಬಾರಿಸಿದ ಸದ್ದಿಗೆ ಬೆಚ್ಚಿಬಿದ್ದು, ಹಸೆಮಣೆಯಿಂದ ಎದ್ದು ಛತ್ರದ ಬಾಗಿಲ ತನಕ ಓಡಿಬಿಟ್ಟಿದ್ದೆ. ಕೈಯಲ್ಲಿ ತಾಳಿ ಹಾಗೇ ಇತ್ತು. ಹೊಂಗನೂರಿಗೆ ಕೊಟ್ಟಿರುವ ನಮ್ಮಕ್ಕ ಪಂಚೆ ಹಿಡಿದು ಎಳೆದು ತಂದು ಕೂರಿಸಿದಳು. ಸದ್ದಿಗೆ ಹೆದರುವವನು ರಾಮನಗರದಲ್ಲಿ ಮೈಕ್‌ಸೆಟ್ ಅಂಗಡಿ ಯಾಕೆ ಇಟ್ಟ ಎಂದು ನೀವು ಕೇಳಬಹುದು. ಅದು ಅಪ್ಪನ ಅಂಗಡಿ. ಮುಚ್ಚಿ ಬೇರೆ ಏನಾದರೂ ಮಾಡೋಣವೆಂದರೆ ಧೈರ್ಯ ಬರಲಿಲ್ಲ. ಆಮೇಲೆ ಮದುವೆ ವಿಡಿಯೊ ತೆಗೆಯುವುದನ್ನೂ ಸೇರಿಸಿಕೊಂಡೆ.

ಅದು ರೇಷ್ಮೆಗೆ ಒಳ್ಳೆಯ ಕಾಲ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಯಾವ ಕಡೆ ಹೋದರೂ ಮನೆಮನೆಯಲ್ಲಿ ಹುಳು. ಜನ ಹಜಾರವನ್ನು ಹುಳುಗಳಿಗೆ ಬಿಟ್ಟುಕೊಟ್ಟು ತಾವು ಜಗಲಿಯಲ್ಲಿ ಮಲಗುತ್ತಿದ್ದರು. ನಮ್ಮ ಬೀದಿಯಲ್ಲೇ ಒಬ್ಬ ರೀಲರ್ ಇದ್ದ. ಗೂಡು ಬೇಯಿಸಿ ನೂಲು ತೆಗೆಸುವ ಕಸುಬು, ರಾಕ್ ಸಂಗೀತದ ಹುಚ್ಚು. ಬೆಂಗಳೂರಿಗೆ ನೂಲು ಕೊಡಲು ಹೋದಾಗ ಫುಟ್‌ಪಾತಿನಲ್ಲಿ ಕೊಂಡ ಒಂದು ಕ್ಯಾಸೆಟ್ಟಿನಿಂದ ಅಂಟಿದ ರೋಗ ಅದು. ಅವನ ಶೆಡ್ಡಿನಲ್ಲಿ ನೂಲು ತೆಗೆಯುವ ಹೆಂಗಸರು ಕಿವಿಗೆ ಹತ್ತಿ ತುರುಕಿಕೊಂಡು ಕೆಲಸ ಮಾಡುತ್ತಿದ್ದರು.

ಚನ್ನಪಟ್ಟಣದಲ್ಲಿ ಗೊಂಬೆ ಮಾಡುವ ನಾಲ್ಕು ಜನ ಲೇತು ಕೆಲಸಗಾರರು ಸೇರಿ ಒಂದು ರಾಕ್ ಬ್ಯಾಂಡ್ ಕಟ್ಟಿದ್ದರು. ಗಿಟಾರು ಕೂಡ ಅವರದೇ ಕೈಕೆಲಸ. ಗೊಂಬೆ ಮಾಡುವ ಹಾಲೆ ಮರವೇ, ಗೊಂಬೆಗೆ ಹಚ್ಚುವ ಅರಗಿನ ಬಣ್ಣವೇ. ರೀಲರ್ ನನ್ನ ಮದುವೆ ಕ್ಯಾಮೆರಾ ಎರವಲು ಪಡೆದು, ಎರಡು ವರ್ಷ ಅವರ ಹಿಂದೆ ತಿರುಗಿ, 'ಕರೆಂಟ್ ಇರೋ ತನಕ' ಎಂಬ ಐವತ್ತು ನಿಮಿಷದ ಸಾಕ್ಷ್ಯಚಿತ್ರ ಮಾಡಿದ. ಅದನ್ನು ಯಾರೂ ಪೂರ್ತಿ ನೋಡುತ್ತಿರಲಿಲ್ಲ. ಅವನ ಹೆಂಡತಿಯೂ ಎರಡನೇ ಹಾಡಿಗೆ ಸಾರು ಇಳಿಸಲು ಎದ್ದು ಹೋದವಳು ವಾಪಸು ಬರಲಿಲ್ಲ.

ಒಂದು ದಿನ ಬಿಳಿಚಿಕೊಂಡ ಮುಖ ಹೊತ್ತು ಅಂಗಡಿಗೆ ಬಂದ.

"ಬ್ಯಾಂಡಿನೋರು ಷರತ್ತು ಹಾಕ್ಬುಟ್ರು ಕಣ್ಲಾ. ನಮ್ ಕಡೆ ಜನ ಒಂದೇ ಒಂದು ಸಲ, ಒಬ್ರೂ ಎದ್ದು ಹೋಗ್ದಂಗೆ ಕೊನೆಗಂಟ ನೋಡ್ಬೇಕಂತೆ. ಇಲ್ದಿದ್ರೆ ಗಿಟಾರ್ ಕುಯ್ದು ಬುಗುರಿ ಮಾಡ್ಬುಡ್ತಾರಂತೆ."

"ಮಾಡ್ಕಳ್ಳಿ ಬುಡು" ಎಂದೆ.

ಅವನ ಕಣ್ಣಲ್ಲಿ ನೀರು ಬಂತು. ಗಂಡಸು ಅಳುವುದನ್ನು ಕಂಡರೂ ನನಗೆ ಭಯ. ಒಪ್ಪಿಕೊಂಡೆ.

೧. ಸೋಲೂರಿನ ಕಂಬಗಳು

ಮೊದಲು ಪೋಸ್ಟರ್. ರೀಲರೇ ಬರೆದ. ಕಪ್ಪು ಹಾಳೆಯ ಮೇಲೆ ಕೆಂಪು ತಲೆಬುರುಡೆ, ಅದರ ಕೆಳಗೆ ಮೂಳೆಗಳ ಜಾಗದಲ್ಲಿ ಅಡ್ಡಡ್ಡ ಎರಡು ಗಿಟಾರು. ಕೆಳಗೆ ಸಣ್ಣಗೆ ಪಿಚ್ಚರಿನ ಹೆಸರು, ಜಾಗ, ಹೊತ್ತು. ರಾಕ್ ಅಂದರೆ ಹೀಗೇ ಇರಬೇಕಂತೆ. ಸೋಲೂರಿಗೆ ಹೋಗಿ ಒಂದೊಂದು ಲೈಟು ಕಂಬಕ್ಕೂ ನನ್ನ ಕೈಯಾರೆ ಅಂಟಿಸಿ ಬಂದೆ.

ಮೂರು ದಿನ ಬಿಟ್ಟು ಹೋಗಿ ನೋಡುತ್ತೇನೆ, ಒಂದು ಕಂಬದ ಹತ್ತಿರವೂ ನರಪಿಳ್ಳೆ ಇಲ್ಲ. ಕಂಬಕ್ಕೆ ಕಟ್ಟುತ್ತಿದ್ದ ಹಸುಗಳನ್ನು ಬಿಚ್ಚಿಕೊಂಡು ಹೋಗಿದ್ದಾರೆ. ನೆಲಮಂಗಲದ ಬಸ್ಸಿಗೆ ಕಾಯುವವರು ಕಂಬ ಬಿಟ್ಟು ದೂರದ ಹುಣಸೆಮರದ ಕೆಳಗೆ ನಿಂತಿದ್ದಾರೆ. ಪೋಸ್ಟರ್ ಹರಿದಿದೆಯೇನೋ ಎಂದು ನೋಡಲು ನಾನು ಕಂಬಕ್ಕೆ ಕೈ ಚಾಚಿದೆ. ಹಿಂದಿನಿಂದ ಒಬ್ಬ ರೈತ ರಟ್ಟೆ ಹಿಡಿದು ಎಳೆದ ರಭಸಕ್ಕೆ ನೆಲಕ್ಕೆ ಬಿದ್ದೆ.

"ಲೇ, ಸಾಯ್ತೀಯಲ್ಲಾ! ಬೋರ್ಡ್ ಹಾಕವ್ರೆ, ಕಾಣಾಕಿಲ್ವಾ? ಇದ್ರಲ್ಲಿ ಕರೆಂಟು ಜಾಸ್ತಿ ಐತೆ!"

ನಾನೇ ಅಂಟಿಸಿದ ಪೋಸ್ಟರ್ ಎಂಬುದು ಆ ಗಳಿಗೆಯಲ್ಲಿ ನನಗೂ ಮರೆತುಹೋಯಿತು. ಎದ್ದವನೇ ಹುಣಸೆಮರಕ್ಕೆ ಓಡಿದೆ. ಉಸಿರು ಸರಿಹೋದ ಮೇಲೆ ನೆನಪಾಯಿತು. ಹತ್ತಿರ ಹೋದರೆ ತಾನೆ ಜನ ಸಣ್ಣ ಅಕ್ಷರ ಓದುವುದು? ತಲೆಬುರುಡೆ ಕಂಡ ಕಡೆ ಅವರು ನಿಲ್ಲುವವರೇ ಅಲ್ಲ.

ಮರದ ಕೆಳಗೆ ಲೈನ್‌ಮನ್ನೂ ಕೂತಿದ್ದ. ಒಂದು ಬೀದಿದೀಪ ಕೆಟ್ಟು ಎರಡು ದಿನವಾಗಿತ್ತಂತೆ. "ಹತ್ತಿ ಸರಿಮಾಡಬಾರದಾ ಅಣ್ಣ?" ಎಂದೆ. ಅವನು ಬೀಡಿ ಹಚ್ಚಿಕೊಂಡು ಹೇಳಿದ:

"ನಮ್ಮ ಆಫೀಸ್ನೋರು ನಂಗೇ ಹೇಳ್ದಂಗೆ ಬೋರ್ಡ್ ಹಾಕವ್ರೆ ಅಂದ್ರೆ ಏನೋ ಐತೆ. ಬೇರೆಯೋರು ಬೇಕಾದ್ರೆ ಹತ್ಲಿ, ನಾನಂತೂ ಹತ್ತಾಕಿಲ್ಲ."

೨. ಪಿಸುಮಾತು

ಪೋಸ್ಟರ್ ಬೇಡ, ಮೈಕೇ ವಾಸಿ ಎಂದುಕೊಂಡು ಆಟೋಗೆ ಹಾರ್ನ್ ಕಟ್ಟಿಕೊಂಡು ಮಾಗಡಿ ಕಡೆಯ ಹಳ್ಳಿಗಳಿಗೆ ಹೊರಟೆ. ಮೊದಲನೇ ಹಳ್ಳಿಯಲ್ಲಿ "ಮಾನ್ಯರೇ" ಎಂದೆ ಅಷ್ಟೆ. ಮೂರು ಮನೆಯಿಂದ ಮೂರು ಪೊರಕೆ ಹೊರಗೆ ಬಂದವು. ನಾಲ್ಕನೇ ಮನೆಯಿಂದ ಗಿರಿಜಾ ಮೀಸೆಯ ಯಜಮಾನನೊಬ್ಬ ಸೊಪ್ಪು ಕೊಯ್ಯುವ ಕುಡುಗೋಲು ಹಿಡಿದು ಬಂದ.

"ಮುಚ್ಲಾ ಬಾಯಿ! ಹುಳ ಜ್ವರಕ್ಕೆ ಕುಂತವೆ!"

ರೇಷ್ಮೆ ಹುಳು ನಾಲ್ಕು ಸಲ ಪೊರೆ ಕಳಚುತ್ತದೆ. ಆಗ ಸೊಪ್ಪು ಮುಟ್ಟದೆ, ತಲೆಯೆತ್ತಿಕೊಂಡು ಅಲ್ಲಾಡದೆ ಕೂರುತ್ತದೆ. ಅದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಜ್ವರದ ಮನೆಯ ಹತ್ತಿರ ಸದ್ದು ಕೂಡದು, ಒಗ್ಗರಣೆ ಘಾಟು ಕೂಡದು, ಹೊರಗಿನವರ ನೆರಳೂ ಕೂಡದು. ನಮ್ಮ ಕಡೆ ಹುಟ್ಟಿದವನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ನನಗೂ ಗೊತ್ತಿತ್ತು. ಆದರೆ ರೀಲರ್ ಅತ್ತದ್ದರಿಂದ ಮರೆತಿದ್ದೆ.

ಕುಡುಗೋಲು ನೋಡಿದವನೇ ಮೈಕ್ ಆರಿಸಿದೆ. ಆಟೋವನ್ನು ಊರಾಚೆ ನಿಲ್ಲಿಸಿ, ಚಪ್ಪಲಿ ಕೈಯಲ್ಲಿ ಹಿಡಿದು, ಮನೆಮನೆಗೆ ಕಾಲ್ನಡಿಗೆಯಲ್ಲಿ ಹೋದೆ. ಮನೆ ಗಂಡಸನ್ನು ಸನ್ನೆ ಮಾಡಿ ಕರೆದು, ಕಿವಿಯ ಹತ್ತಿರ ಬಾಯಿ ಇಟ್ಟು ಪಿಸುಗುಟ್ಟುತ್ತಿದ್ದೆ: "ಭಾನುವಾರ ಮಧ್ಯಾಹ್ನ ಮೂರು ಗಂಟೆ. ಮಾಗಡಿ ಗೋಡೌನು. ಫಾರಿನ್ ಥರದ ಪಿಚ್ಚರು. ಟೀವೀಲಿ ಬರೋದಲ್ಲ. ತಪ್ಪಿಸ್ಕಬ್ಯಾಡಿ."

ಎಲ್ಲರೂ ಗಂಭೀರವಾಗಿ ತಲೆಯಾಡಿಸಿದರು. ಒಬ್ಬನಂತೂ ಹಿಂದೆ ತಿರುಗಿ ಅಡುಗೆಮನೆ ಕಡೆ ನೋಡಿ, ನನಗಿಂತ ಮೆಲ್ಲಗೆ ಕೇಳಿದ: "ಹೆಂಗಸ್ರು ಬರಂಗಿಲ್ಲ ಅಲ್ವಾ?"

"ಅಯ್ಯೋ, ಧಾರಾಳವಾಗಿ ಬರಬೋದು. ಮಕ್ಕಳನ್ನೂ ಕರ್ಕಂಡು ಬನ್ನಿ."

ಅವನು ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿ, "ಕಾಲ ಕೆಟ್ಟೋಯ್ತು" ಎಂದು ಬಾಗಿಲು ಹಾಕಿಕೊಂಡ.

೩. ಟವೆಲ್ಲು ಹೊದ್ದವರು

ಭಾನುವಾರ ಮಾಗಡಿಯ ಗೋಡೌನು ತುಂಬಿತು. ರೀಲರ್ ಬಾಗಿಲಲ್ಲಿ ನಿಂತು ಕೈ ಮುಗಿಯುತ್ತಿದ್ದ. ನನಗೆ ಮಾತ್ರ ಏನೋ ಸರಿಯಿಲ್ಲ ಅನ್ನಿಸಿತು. ಬಂದವರೆಲ್ಲ ಗಂಡಸರು. ಆ ಸೆಕೆಯಲ್ಲೂ ತಲೆ ತುಂಬ ಟವೆಲ್ಲು ಹೊದ್ದಿದ್ದರು. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಮುಂದಿನ ಸಾಲು ಖಾಲಿ, ಹಿಂದಿನ ಗೋಡೆಗೆ ನೂಕುನುಗ್ಗಲು.

ಪಿಚ್ಚರು ಶುರುವಾಯಿತು. ನಾಲ್ವರು ಗಂಡಸರು ಲೇತಿನ ಮುಂದೆ ಕೂತು ಗಿಟಾರಿಗೆ ಅರಗು ಹಚ್ಚಿದರು. ಜನ ಹತ್ತು ನಿಮಿಷ ಉಸಿರೆತ್ತದೆ ನೋಡಿದರು. ಇಪ್ಪತ್ತಾಯಿತು. ಕತ್ತಲಲ್ಲಿ ಒಂದು ದನಿ: "ಹೆಣ್ಣು ಯಾವಾಗ್ ಬತ್ತಾಳೆ?"

ಆಗ ನನಗೆ ಅರ್ಥವಾಯಿತು. ನಾನು ಪಿಸುಗುಟ್ಟಿದ್ದನ್ನು ಅವರು ಯಾವ ಪಿಚ್ಚರಿಗೆ ಹೊಂದಿಸಿಕೊಂಡಿದ್ದಾರೆಂದು ಹೊಳೆದು ಮೆಲ್ಲಗೆ ಟೀವಿ ಪಕ್ಕಕ್ಕೆ ಸರಿದೆ. ಇಡೀ ಪಿಚ್ಚರಿನಲ್ಲಿ ಇದ್ದದ್ದು ಒಬ್ಬಳೇ ಹೆಂಗಸು. ಮೂವತ್ತನೇ ನಿಮಿಷಕ್ಕೆ ಬಂದಳು. ಡ್ರಮ್ಮಿನವನ ತಾಯಿ, ಮುದ್ದೆ ತಟ್ಟೆ ಹಿಡಿದು, "ಉಣ್ಣಾಕೆ ಬರ್ರೋ ಮೂದೇವಿಗಳಾ" ಎಂದು ಬೈಯುತ್ತ.

ಗೋಡೌನು ಒಮ್ಮೆಗೇ ಎದ್ದು ನಿಂತಿತು. ನಾನು ಟೀವಿ ಹಿಂದೆ ಅವಿತುಕೊಂಡೆ. ಒಬ್ಬ ಬಂದು ಕಾಲರ್ ಹಿಡಿದು ಎತ್ತಿದ. ಇವತ್ತಿಗೆ ನನ್ನ ಕಥೆ ಮುಗಿಯಿತು ಎಂದು ಕಣ್ಣು ಮುಚ್ಚಿದೆ. ಏಟು ಬೀಳಲಿಲ್ಲ. ಮೆಲ್ಲಗೆ ಕಣ್ಣು ಬಿಟ್ಟರೆ, ಟವೆಲ್ಲು ಜಾರಿ ಗಿರಿಜಾ ಮೀಸೆ ಕಾಣಿಸುತ್ತಿದೆ. ಅದೇ ಕುಡುಗೋಲಿನ ಯಜಮಾನ.

"ಅವತ್ತು ಮುಚ್ಲಾ ಬಾಯಿ ಅಂದಿದ್ನಲ್ಲ, ಹಂಗೇ ಮುಚ್ಕಂಡಿರು. ನಾನು ಇಲ್ಗೆ ಬಂದೇ ಇಲ್ಲ."

೪. ಕನಕಪುರದ ಸೋದರಮಾವ

ಇದನ್ನು ನೆನೆದರೆ ಈಗಲೂ ಬೆವರುತ್ತೇನೆ.

ಕನಕಪುರ ಕಡೆಯ ಒಂದು ಮದುವೆಯ ವಿಡಿಯೊ ತೆಗೆದಿದ್ದೆ. ಹೆಣ್ಣಿನ ಸೋದರಮಾವ ದೊಡ್ಡ ಕುರಿಮಂದೆಯವನು, ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಆಳುದ್ದದ ಕೋಲು. ಆರು ತಿಂಗಳಿಂದ ಕ್ಯಾಸೆಟ್ ಕೇಳುತ್ತಿದ್ದ. ನಾನು "ಲ್ಯಾಬಿನಲ್ಲಿದೆ" ಎನ್ನುತ್ತಿದ್ದೆ. ನಿಜ ಏನೆಂದರೆ, ಕಪಾಟಿನಲ್ಲಿದ್ದ ಆ ಕ್ಯಾಸೆಟ್ಟನ್ನು ಖಾಲಿ ಎಂದುಕೊಂಡು ರೀಲರ್ ಅದರ ಮೇಲೇ ತನ್ನ ಪಿಚ್ಚರು ಜೋಡಿಸಿಬಿಟ್ಟಿದ್ದ.

ಕನಕಪುರದ ಒಂದು ಕ್ಲಬ್ಬಿನಲ್ಲಿ ಪ್ರದರ್ಶನ. ಡ್ರಮ್ಮಿನವನೂ ನಮ್ಮ ಜೊತೆ ಬಂದಿದ್ದ. ಎರಡನೇ ಹಾಡಿಗೆ ಜನ ಏಳತೊಡಗಿದರು. ಮೂರನೆಯದರಲ್ಲಿ ಇನ್ನೇನು ಡ್ರಮ್ಮು ಏರಬೇಕು, ಪರದೆಯ ಮೇಲೆ ಧಾರೆ ಮಂಟಪ ಬಂತು. ರೀಲರ್ ಅಳಿಸದೆ ಬಿಟ್ಟಿದ್ದ ತುಣುಕು. ಎದ್ದವರೆಲ್ಲ ಕೂತರು. "ಲೇ, ಅದು ನಮ್ ದೊಡ್ಡಪ್ಪ!" "ಆ ಸೀರೆ ನಂದು ಕಣೇ!" ನಾಲ್ಕು ನಿಮಿಷ ಆನಂದವೋ ಆನಂದ. ಆಮೇಲೆ ಮಂಟಪ ಹೋಗಿ ಕೂದಲು ಬಿಟ್ಟ ಡ್ರಮ್ಮಿನವನು ಬಂದ.

"ನಿಲ್ಸು" ಎಂದಿತು ಹಿಂದಿನ ಬೆಂಚು. ಕಂಬಳಿ, ಕೋಲು. ಅವನೇ.

"ಹಿಂದಕ್ಕೆ ತಿರುಗ್ಸು."

ತಿರುಗಿಸಿದೆ. ಮತ್ತೆ ತಿರುಗಿಸಿದೆ. ಮೂರನೇ ಸಲ ನೋಡಿ ಅವನು ಎದ್ದು ಬಂದ.

"ಹೆಣ್ಣಿನ ಕೈ ಹಿಡ್ಕಂಡು ನಾನು ಮಂಟಪ ಹತ್ತೋ ಹೊತ್ಗೆ ಸರ್ಯಾಗಿ ಈ ಕೂದ್ಲೋನು ಬತ್ತಾನೆ. ನಾನೆಲ್ಲಿ?"

ನಾನು ರೀಲರ್ ಕಡೆ ಬೆರಳು ತೋರಿಸಿದೆ. ರೀಲರ್ ಮುಂದೆ ಬಂದು, "ಮಾವಯ್ಯ, ಈಗ್ಲೇ ತೆಗ್ದು ಸೇರಿಸ್ಬುಡ್ತೀವಿ" ಎಂದ. ಸೋದರಮಾವ ಕಂಬಳಿ ಸರಿಮಾಡಿಕೊಂಡು ಕ್ಲಬ್ಬಿನ ಮೆಟ್ಟಿಲ ಹತ್ತಿರ ನಿಂತ. ಆದರೆ ಕೈ ಹಿಡಿದು ಹತ್ತಿಸಲು ಹೆಣ್ಣು ಬೇಕಲ್ಲ, ಅವಳು ಗಂಡನ ಮನೆಯಲ್ಲಿದ್ದಳು. ಎಲ್ಲರ ಕಣ್ಣೂ ಡ್ರಮ್ಮಿನವನ ಸೊಂಟದ ತನಕ ಇಳಿದ ಕೂದಲ ಮೇಲೆ ಬಿತ್ತು. ಅವನು ಬೇಡಬೇಡವೆಂದರೂ ಯಾರದೋ ಸೀರೆ ಸುತ್ತಿ, ಮೊಗ್ಗಿನ ಜಡೆ ಹಾಕಿ ನಿಲ್ಲಿಸಿದರು. ನಾನು ಹಿಂದಿನಿಂದ ಏಳು ಸಲ ತೆಗೆದೆ. ಕೆಲಸ ಮುಗಿದಾಗ ಪಿಚ್ಚರು ನೋಡಲು ಒಬ್ಬರೂ ಉಳಿದಿರಲಿಲ್ಲ.

ಮುಂದಿನ ವಾರ ನಾವು ನಕಲು ಮಾಡಿಕೊಟ್ಟ ತುಣುಕು ನೋಡಿದ ಗಂಡಿನ ಕಡೆಯವರು, ಬೇರೆಲ್ಲ ಹಾಗಿರಲಿ, ಹೆಣ್ಣಿನ ಕೂದಲು ಮಾತ್ರ ಬಹಳ ಚೆನ್ನಾಗಿ ಬಂದಿದೆ ಎಂದರಂತೆ.

೫. ಹುಳು ಹಣ್ಣಾದ ಭಾನುವಾರ

ಡ್ರಮ್ಮಿನವನಿಗೆ ಸಿಟ್ಟು ಬಂದಿತ್ತು. ಸೀರೆ ಉಡಿಸಿದರೆ ಯಾರಿಗೆ ಬರುವುದಿಲ್ಲ? "ಚನ್ನಪಟ್ಟಣದಲ್ಲಿ ಇನ್ನೊಂದು ಸಲ ನೋಡಾನ. ಒಬ್ರು ಎದ್ರೂ ಸೋಮವಾರ ಗರಗಸ" ಎಂದ. ಉಳಿದ ಮೂವರೂ ಅವನ ಮಾತಿಗೆ ಹೂಂ ಅಂದರು.

ರೀಲರ್ ಊಟ ಬಿಟ್ಟ. ಪ್ರಚಾರ ಮಾತ್ರ ಜೋರಾಗಿ ಮಾಡಿದೆವು. ಈ ಸಲ ಪೋಸ್ಟರಿಗೆ ಮಲ್ಲಿಗೆ ಹೂವಿನ ಚಿತ್ರ. ಚನ್ನಪಟ್ಟಣದ ಛತ್ರದಲ್ಲಿ ಕುರ್ಚಿ ಜೋಡಿಸಿ ಭಾನುವಾರ ಮಧ್ಯಾಹ್ನ ಕಾದೆವು. ಎರಡಾಯಿತು, ಮೂರಾಯಿತು. ಬಂದವರು ಬ್ಯಾಂಡಿನ ನಾಲ್ವರು ಮತ್ತು ಕಸ ಗುಡಿಸುವ ಮುದುಕ. ಮುದುಕ ಕೇಳಿದ: "ಇವತ್ತು ಯಾರ್ ಬತ್ತಾರೆ ಸ್ವಾಮಿ? ಸುತ್ಲಾ ಊರ್ನೋರೆಲ್ಲ ಒಂದೇ ದಿನ ಚಾಕಿ ಮರಿಹುಳ ತಂದಿದ್ರು. ಇವತ್ತು ಎಲ್ಲಾರ ಮನೇಲೂ ಹುಳ ಹಣ್ಣಾಗವೆ."

ರೀಲರ್ ತಲೆ ಚಚ್ಚಿಕೊಂಡ. ಗೂಡನ್ನೇ ನಂಬಿ ಬದುಕುವವನಿಗೆ ಮಾರ್ಕೆಟ್ಟಿಗೆ ಗೂಡು ಬರುವ ದಿನ ಗೊತ್ತು, ಅದಕ್ಕೆ ಮೊದಲು ಹುಳು ಹಣ್ಣಾಗುವ ದಿನ ಒಂದಿರುತ್ತದೆಂದು ತೋಚಿರಲಿಲ್ಲ. ಹಣ್ಣಾದ ಹುಳು ಸೊಪ್ಪು ಬಿಟ್ಟು, ತಲೆಯೆತ್ತಿ ಅತ್ತಿತ್ತ ಆಡಿಸುತ್ತ ಗೂಡು ಕಟ್ಟಲು ಜಾಗ ಹುಡುಕುತ್ತದೆ. ತಡಮಾಡದೆ ಆರಿಸಿ, ಹಳ್ಳಿಯವರು ಚಂದ್ರಂಕಿ ಎನ್ನುವ ಬಿದಿರಿನ ತಟ್ಟಿ, ಚಂದ್ರಿಕೆಗೆ ಬಿಡಬೇಕು. ಆ ದಿನ ಸತ್ತವರ ಮನೆಗೂ ಯಾರೂ ಹೋಗುವುದಿಲ್ಲ.

ಅಷ್ಟರಲ್ಲಿ ನಮ್ಮ ಭಾವ ಬೈಕಿನಲ್ಲಿ ಬಂದ. "ಏನಯ್ಯಾ, ಇಲ್ಲಿ ಕುರ್ಚಿ ಕಾಯ್ತಾ ಕುಂತಿದ್ದೀಯ? ಹುಳ ಒಟ್ಗೇ ಹಣ್ಣಾಗವೆ, ಕೈ ಸಾಲ್ತಾ ಇಲ್ಲ. ನಿಮ್ಮಕ್ಕ ನಿನ್ನ ಸುಟ್ಬುಡ್ತಾಳೆ ಇವತ್ತು." ಅಕ್ಕ ವಾರದ ಹಿಂದೆಯೇ ಹೇಳಿಕಳಿಸಿದ್ದಳು. ಮರೆತಿದ್ದೆ. ಎಲ್ಲರೂ ನನ್ನ ಆಟೋ ಹತ್ತಿದೆವು. ರೀಲರ್ ಟೀವಿ, ವಿಸಿಆರ್ ಎರಡನ್ನೂ ತೊಡೆ ಮೇಲೆ ಇಟ್ಟುಕೊಂಡ.

ಹೊಂಗನೂರಿನ ಮನೆಯ ಹಜಾರದಲ್ಲಿ ಕಾಲಿಡಲು ಜಾಗವಿರಲಿಲ್ಲ. ತಟ್ಟೆಗಳ ಸುತ್ತ ಇಪ್ಪತ್ತು ಜನ ಚಕ್ಕಂಬಕ್ಕಳ ಹಾಕಿ ಕೂತು ಹುಳು ಆರಿಸುತ್ತಿದ್ದರು. ಬಾಗಿಲ ಪಕ್ಕ ಭಾವನ ತಾಯಿ, ಊರಿಗೇ ಹಿರಿಯ ಜೀವ. ರೀಲರ್ ಅಕ್ಕನ ಮುಂದೆ ಕೈ ಮುಗಿದು ವಿಷಯ ಹೇಳಿದ. ಬೇಡವೆನ್ನಲಿ ಎಂದು ನಾನು ದೇವರಲ್ಲಿ ಬೇಡಿಕೊಳ್ಳುತ್ತಿದ್ದೆ. ರಾಕ್ ಕೇಳಿ ಹುಳು ಸತ್ತರೆ ತವರಿನವನೇ ಬೆಳೆ ಕೆಡಿಸಿದ ಎಂದು ಅವಳು ಜನ್ಮವಿಡೀ ಅನ್ನಿಸಿಕೊಳ್ಳಬೇಕು. ಅಕ್ಕ ಅಂದಳು: "ಹಾಕ್ರಪ್ಪ ಅತ್ಲಾಗೆ. ಕೆಲ್ಸಕ್ಕೆ ಬಂದೋರು ಒಂದೊಂದು ನೆಪ ಹೇಳಿ ಎದ್ದು ಹೋಗ್ತಾವ್ರೆ. ಇದನ್ನ ನೋಡ್ಕಂಡಾದ್ರೂ ಕುಂತ್ಕಳ್ಳಿ. ಸದ್ದು ಮಾತ್ರ ಒಸಿ ಕಮ್ಮಿ ಇರ್ಲಿ."

ರೀಲರ್ ಆತುರದಲ್ಲಿ ಸದ್ದಿನ ಗುಂಡಿ ತಿರುಗಿಸಿದ. ತಿರುಗಿಸಿದ್ದು ಉಲ್ಟಾ. ಗುಂಡಿ ಕಿತ್ತು ಕೈಗೆ ಬಂತು, ಕೈಯಿಂದ ಜಾರಿ ಹುಳುಗಳ ನಡುವೆ ಎಲ್ಲೋ ಬಿತ್ತು. ಟೀವಿಯೊಳಗಿನ ನಾಲ್ವರು ಗೊಂಬೆಯವರೂ ಒಮ್ಮೆಗೇ ಗಿಟಾರು, ಡ್ರಮ್ಮು ಬಡಿದರು. ಸೂರಿನಿಂದ ಮಣ್ಣು ಉದುರಿತು.

"ಆರ್ಸ್ರೋ ಅದನ್ನ!" ಎಂದು ಭಾವ ಕೂಗಿದ. ಆರಿಸುವವರು ಯಾರು? ರೀಲರ್ ಪ್ರಾಣ ಹೋದರೂ ಆರಿಸುವವನಲ್ಲ. ಉಳಿದ ಎಲ್ಲರ ಬೊಗಸೆಯಲ್ಲಿ ಹುಳು, ತೊಡೆಯ ಮೇಲೆ ಹುಳು, ಸುತ್ತ ತಟ್ಟೆ. ಒಬ್ಬರು ಎದ್ದರೂ ನೂರು ಹುಳು ಕಾಲಡಿಗೆ ಹೋಗುತ್ತವೆ. ಪರದೆಯ ಮೇಲೆ ನಾಲ್ವರೂ ಕೂದಲು ಕೆದರಿ, ಕತ್ತೆತ್ತಿ, ತಲೆಯನ್ನು ಅತ್ತ ಇತ್ತ, ಅತ್ತ ಇತ್ತ ಆಡಿಸುತ್ತಿದ್ದರು. ಭಾವ ಏನಾದರಾಗಲಿ ಎಂದು ಮೊಣಕಾಲು ಎತ್ತಿದ. ಅಷ್ಟರಲ್ಲಿ ಮುದುಕಿ ಕಣ್ಣು ಕಿರಿದು ಮಾಡಿ ಟೀವಿ ನೋಡಿ ಕೂಗಿದಳು:

"ಅಯ್ಯೋ, ಅವೂ ಹಣ್ಣಾಗವೆ ಕಣ್ರೋ! ಬಿರ್‌ಬಿರ್ನೆ ಎತ್ತಿ ಚಂದ್ರಂಕಿಗೆ ಬುಡ್ರೋ!"

ಹಜಾರ ಬಿದ್ದು ಬಿದ್ದು ನಕ್ಕಿತು. ಭಾವ ನಗುತ್ತ ಅಲ್ಲೇ ಕುಸಿದ. ಆಮೇಲೆ ಯಾರೂ ಟೀವಿಯಿಂದ ಕಣ್ಣು ಕೀಳಲಿಲ್ಲ. ಇವನು ಹಣ್ಣಾದ, ಅವನು ಇನ್ನೂ ಕಾಯಿ ಎಂದು ಎಣಿಸುತ್ತ, ಕೈ ಹುಳು ಆರಿಸುತ್ತ, ಒಂದೊಂದೇ ಹಾಡು ದಾಟಿದರು. ಹುಳು ಆರಿಸಲು ಕೂತಿದ್ದ ಬ್ಯಾಂಡಿನ ನಾಲ್ವರೂ ಟೀವಿ ಬಿಟ್ಟು ಜನರ ಮುಖವನ್ನೇ ನೋಡುತ್ತಿದ್ದರು. ರೀಲರ್ ಗೋಡೆಗೊರಗಿ ಉಸಿರು ಹಿಡಿದಿದ್ದ.

ಕೊನೆಯ ಹಾಡು ಬಂತು. ನನ್ನ ಪಕ್ಕದ ಚಂದ್ರಿಕೆಯನ್ನು ನೋಡಿದೆ. ಅಷ್ಟು ಹೊತ್ತು ತಲೆಯಾಡಿಸುತ್ತಿದ್ದ ಹುಳುಗಳು ಅಲ್ಲಾಡದೆ ನಿಂತಿವೆ. ಒಂದಲ್ಲ, ಎರಡಲ್ಲ, ಸಾಲುಸಾಲು. ಸತ್ತವು! ಬಾಗಿಲು ಒಂದೇ ಹೆಜ್ಜೆ ದೂರದಲ್ಲಿತ್ತು. ಮುದುಕಿಯನ್ನು ದಾಟಿ, ಹಿಪ್ಪುನೇರಳೆ ತೋಟ ದಾಟಿ, ಪಂಪ್‌ಹೌಸಿನೊಳಗೆ ಹೋಗಿ ಚಿಲಕ ಹಾಕಿಕೊಂಡೆ.

ಸ್ವಲ್ಪ ಹೊತ್ತಿಗೆ ರೀಲರ್ ಬಂದು ಬಾಗಿಲು ಬಡಿದ. ಬಿಕ್ಕುತ್ತಿದ್ದ.

"ಎಲ್ಲಾ ಹೋದ್ವಾ?" ಎಂದು ಒಳಗಿನಿಂದಲೇ ಕೇಳಿದೆ.

"ಯಾವ್ದು ಹೋಗೋದು? ಹುಳ ಜಾಗ ಹಿಡ್ದು ಗೂಡು ಕಟ್ತಾವೆ. ಜನ ಕೊನೆಗಂಟ ಕುಂತಿದ್ರು ಕಣ್ಲಾ! ಇನ್ನೂ ಹುಳ ಉಳ್ದವೆ, ಮೊದ್ಲಿಂದ ಹಾಕು ಅಂತಾವ್ಳೆ ಮುದ್ಕಿ!" ಚಿಲಕ ತೆಗೆದೆ. ಅವನು ಕಣ್ಣೊರೆಸಿಕೊಂಡ. "ಆದ್ರೆ ಡ್ರಮ್ಮಿನೋನು ತಗಾದೆ ತೆಗೆದವ್ನೆ. ಒಬ್ರೂ ಏಳಂಗಿಲ್ಲ ಅಂದಿದ್ವಿ, ಒಬ್ಬ ಎದ್ದು ಹೋದ, ನಾವೇ ಕಣ್ಣಾರೆ ನೋಡಿದ್ವಿ ಅಂತಾವ್ನೆ."

ಆ ಒಬ್ಬ ಯಾರೆಂದು ಹೇಳಬೇಕಾಗಿರಲಿಲ್ಲ. ಕಾಲು ಎಳೆದುಕೊಂಡು ಅವನ ಹಿಂದೆ ಹಜಾರಕ್ಕೆ ಬಂದೆ. ಇಪ್ಪತ್ತು ಜನರೂ ನನ್ನನ್ನೇ ನೋಡಿದರು. ನಾಲ್ಕು ತಾಲ್ಲೂಕು ತಿರುಗಿ ಪ್ರಚಾರ ಮಾಡಿದ ಪಿಚ್ಚರಿನ ಗಿಟಾರು ನನ್ನೊಬ್ಬನಿಂದ ಬುಗುರಿಯಾಗುವುದರಲ್ಲಿತ್ತು. ಡ್ರಮ್ಮಿನವನು, "ಮಾತಂದ್ರೆ ಮಾತು. ಇವರು ಎದ್ದು ಹೋದ್ರೋ ಇಲ್ವೋ ನೀವೇ ಹೇಳಿ ಅಕ್ಕ" ಎಂದ. ರೀಲರ್ ಮತ್ತೆ ಬಿಳಿಚಿಕೊಂಡ.

ಅಕ್ಕ ಬೊಗಸೆಯ ಹುಳುಗಳನ್ನು ಚಂದ್ರಿಕೆಗೆ ಬಿಡುತ್ತ, ತಲೆಯೆತ್ತದೆ ಅಂದಳು:

"ಅವನನ್ನ ಲೆಕ್ಕಕ್ಕೆ ಇಟ್ಕಬ್ಯಾಡ್ರಪ್ಪ. ಅವನು ತನ್ನ ಮದ್ವೇಲೇ ಎದ್ದು ಹೋದೋನು."